ಮುಸುಕಿನ ಜೋಳದ ಜುಟ್ಟು

ಮುಸುಕಿನ ಜೋಳಕ್ಕೆ ಆ ಹೆಸರನ್ನಿಟ್ಟ ಪುಣ್ಯಾತ್ಮ ಯಾರೋ ತಿಳಿಯದು, ರಸಿಕನಂತೂ ಹೌದು. ಪದರ ಪದರವಾಗಿ ಮುಸುಕು ಹೊದ್ದು, ತುದಿಯಲ್ಲಿ ಮಾತ್ರ ಒಂದಿಷ್ಟು ಕೂದಲನ್ನು ಹೊರಗೆ ಬಿಟ್ಟುಕೊಂಡು ನಿಂತ ತೆನೆಗೆ ಬೇರೆ ಹೆಸರು ತೋಚುವುದೂ ಕಷ್ಟ. ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿಯ ಮೇಲೆ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಮಳೆಗಾಲದಲ್ಲಿ ಇಂಥ ತೆನೆಗಳ ಹೊಲಗಳು ಕಾಣುತ್ತವೆ. ನಾವು ಪೇಟೆಯವರು ಕೆಂಡದಲ್ಲಿ ಸುಟ್ಟ ತೆನೆಗೆ ಉಪ್ಪು, ಖಾರ, ನಿಂಬೆಹುಳಿ ಸವರಿಸಿಕೊಂಡು ತಿನ್ನುತ್ತೇವೆ. ಮುಸುಕನ್ನೂ ಜುಟ್ಟನ್ನೂ ಗಾಡಿಯ ಪಕ್ಕದಲ್ಲಿ ಕಾದು ನಿಂತ ಹಸುವಿಗೆ ಬಿಡುತ್ತೇವೆ. ಹಸುವೇ ನಮಗಿಂತ ಜಾಣ ಎಂದು ನಮ್ಮ ಸೋದರತ್ತೆಯ ವಾದ.

ಅತ್ತೆಯ ಮನೆ ಚಿಂತಾಮಣಿಯಲ್ಲಿ. ಯಾವ ವಸ್ತುವನ್ನೂ ಎಸೆಯಲಾರದ ಕೈ ಅವರದು. ಈ ಜುಟ್ಟಿನ ವಿದ್ಯೆ ಅವರಿಗೆ ಅಜ್ಜಿಯಿಂದ ಬಂದದ್ದಲ್ಲ, ಮೊಮ್ಮಗಳ ಮೊಬೈಲಿನಿಂದ ಬಂದದ್ದು. ಆದರೂ ಅವರ ಬಾಯಲ್ಲಿ ಅದು ಆಗಲೇ ‘ಹಿಂದಿನವರು ಮಾಡುತ್ತಿದ್ದ’ ಕಷಾಯವಾಗಿಬಿಟ್ಟಿದೆ. ನಮ್ಮ ಹಿಂದಿನವರು ಎಷ್ಟು ಹಿಂದಿನವರು? ಈ ಜೋಳದ ತವರು ಮೆಕ್ಸಿಕೋ. 1492ರಲ್ಲಿ ಕೊಲಂಬಸನು ಆ ಕಡೆಗೆ ಹೋದ ಮೇಲೆ ಅದು ಹಡಗೇರಿ ಲೋಕ ಸುತ್ತಿತು. ಚರಕನಿಗೆ ಇದರ ಪರಿಚಯ ಇದ್ದಿರಲಾರದು. 13ನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಜೋಳದ ತೆನೆಯೇ ಎಂದು ಕೆಲವರು ವಾದಿಸಿದ್ದುಂಟು. ಅಲ್ಲ, ಅದು ಮುತ್ತು ಬಿಡಿಸಿದ ಕಲ್ಪನೆಯ ಹಣ್ಣು ಎಂದವರೂ ಉಂಟು. ನಾನು ಎರಡನೆಯವರ ಪಕ್ಷ. ಅತ್ತೆ ಮೊದಲನೆಯವರ ಪಕ್ಷ.

ಈ ಕೂದಲು ಅಲಂಕಾರಕ್ಕೆ ಬಂದದ್ದಲ್ಲ. ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಗಿಡದ ನೆತ್ತಿಯ ಗಂಡುಹೂವಿನಿಂದ ಉದುರಿದ ಪರಾಗ ಎಳೆಗೆ ಅಂಟಿ, ಅದರೊಳಗೇ ಇಳಿದು ಬುಡ ಮುಟ್ಟಿದರೆ ಅಲ್ಲೊಂದು ಕಾಳು. ಪರಾಗ ಸಿಕ್ಕದ ಎಳೆಯ ಜಾಗ ಬೊಕ್ಕುಬಾಯಿಯ ಹಾಗೆ ಖಾಲಿ. ಇಂಗ್ಲಿಷಿನವರು ಇದನ್ನು ಜೋಳದ ರೇಷ್ಮೆ ಎನ್ನುತ್ತಾರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಈ ಮಾತನ್ನಾಡಿದರೆ ನಕ್ಕಾರು. ಆದರೆ ಒಂದು ಸಾಮ್ಯ ಉಂಟು: ಅಲ್ಲಿಯ ಗೂಡು ಬಿಸಿನೀರಿಗೆ ಬಿದ್ದ ಮೇಲೆ ಎಳೆ ಬಿಡುತ್ತದೆ, ಈ ಎಳೆ ಬಿಸಿನೀರಿಗೆ ಬಿದ್ದ ಮೇಲೆ ಗುಣ ಬಿಡುತ್ತದೆ.

ಅತ್ತೆಯ ವಿಧಾನ ಸರಳ. ಹಸಿ ಜುಟ್ಟಾದರೆ ಒಂದು ಹಿಡಿ, ನೆರಳಿನಲ್ಲಿ ಒಣಗಿಸಿದ್ದಾದರೆ ಒಂದು ಚಿಟಿಕೆ ಹೆಚ್ಚು ಕಡಿಮೆ. ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಸೋಸುವುದು. ಬಣ್ಣ ತೆಳು ಚಹದ್ದು, ವಾಸನೆ ಬೇಯಿಸಿದ ಜೋಳದ್ದು. ಬಾಯಿಗೆ ಹಿತವಾಗಿಯೇ ಇರುತ್ತದೆ. ಉರಿಮೂತ್ರಕ್ಕೆ, ಕಾಲೂತಕ್ಕೆ, ಕಲ್ಲಿಗೆ ಎಂದು ಚೀನಾದವರೂ ಮೆಕ್ಸಿಕೋದವರೂ ಇದನ್ನು ಬಹುಕಾಲದಿಂದ ಬಲ್ಲರು. ಅಮೆರಿಕದ ಔಷಧಕೋಶದಲ್ಲಿಯೂ ಒಂದು ಕಾಲಕ್ಕೆ ಇದರ ಹೆಸರಿತ್ತು. ಇದರಲ್ಲಿ ಪೊಟ್ಯಾಸಿಯಂ ಇದೆ. ಮೂತ್ರ ಹೆಚ್ಚಿಸುವ ಗುಣವನ್ನು ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ. ಮನುಷ್ಯರ ಮೇಲಿನ ಪರೀಕ್ಷೆ ಅಲ್ಪ. ಕಲ್ಲು ಕರಗಿಸುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕಲ್ಲಿಗೆ ನಿಶ್ಚಯವಾಗಿ ಒಳ್ಳೆಯದು ಎಂದು ವೈದ್ಯರೆಲ್ಲ ಒಪ್ಪುವ ಔಷಧ ನೀರು: ದಿನಕ್ಕೆ 2ರಿಂದ 2.5 ಲೀಟರು ಮೂತ್ರ ಹೋಗುವಷ್ಟು ನೀರು. ಹಾಗಾಗಿ ಬಾರ್ಲಿ ನೀರು, ನೆಗ್ಗಿಲಿನ ಕಷಾಯ, ಈ ಜುಟ್ಟಿನ ನೀರು, ಇವುಗಳ ಮಹಿಮೆಯಲ್ಲಿ ಅರ್ಧ ಪಾಲು ನೀರಿನದೇ ಎಂದು ನನ್ನ ಗುಮಾನಿ. ಬರಿಯ ನೀರನ್ನು ಕುಡಿ ಎಂದರೆ ಯಾರು ಕೇಳುತ್ತಾರೆ?

ಆದರೆ ನಮ್ಮ ಸೀಮೆಯಲ್ಲಿ ನೀರಿನ ಮಾತು ಅಷ್ಟು ಸುಲಭದ್ದಲ್ಲ. ಅರ್ಕಾವತಿ, ಚಿತ್ರಾವತಿ, ಎರಡು ಪಿನಾಕಿನಿಗಳು ಎಲ್ಲವೂ ನಂದಿಯ ಬೆಟ್ಟಸಾಲಿನ ಮಕ್ಕಳೇ. ವರ್ಷವಿಡೀ ಹರಿಯುವ ನದಿ ಮಾತ್ರ ಒಂದೂ ಇಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಆಳದ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕದ್ದಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಎರಡು ಲೋಟವನ್ನು ಒಂದಕ್ಕೆ ಇಳಿಸಿದರೆ ಎರಡು ಲೋಟದ್ದೂ ಆ ಒಂದರಲ್ಲೇ ಉಳಿಯುತ್ತದೆ. ಇದನ್ನು ಹೇಳಿದ ದಿನದಿಂದ ಅತ್ತೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೇ ಹಾಕುತ್ತಾರೆ, ಕುದಿಸಿ ಇಳಿಸುವ ಬದಲು ಬಿಸಿನೀರು ಹೊಯ್ದು ಮುಚ್ಚಿಡುತ್ತಾರೆ. “ನಿನ್ನ ಮಾತು ಕೇಳಿದರೆ ನೀರು ಕುಡಿಯೋಕೂ ಭಯ ಕಣೋ” ಎಂದು ಬೈಗುಳವೂ ಆಯಿತು. ಇನ್ನೊಂದು: 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಸೈನಿಕ ಹುಳು ಈಗ ಜೋಳ ಬೆಳೆಯುವವರಿಗೆಲ್ಲ ಪರಿಚಿತ. ಅದಕ್ಕೆ ಹೊಡೆಯುವ ಮದ್ದಿನ ಹನಿ ಪರಾಗದಂತೆಯೇ ಜುಟ್ಟಿಗೂ ಅಂಟೀತು. ಆದ್ದರಿಂದ ಗುರುತಿನವರ ಹೊಲದ, ಮದ್ದು ಕಾಣದ ತೆನೆಯ ಜುಟ್ಟಾದರೆ ಸರಿ; ಸಂತೆಯ ರಾಶಿಯದನ್ನು ಹಸುವಿಗೂ ಹಾಕಬಾರದು.

ಗೌರಿಬಿದನೂರಿನಲ್ಲಿರುವ ನಮ್ಮ ಭಾವನವರಿಗೆ ಹತ್ತು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ರಕ್ತದ ಒತ್ತಡ. ಪಾದ ಊದತೊಡಗಿದಾಗ ಅವರೂ ಈ ಕಷಾಯ ಹಿಡಿದರು. ಮೊದಲ ವಾರ ಊತ ಇಳಿದಂತೆಯೇ ಕಂಡಿತು. ಆ ಧೈರ್ಯದ ಮೇಲೆ ಗುಳಿಗೆ ಬಿಟ್ಟರು, ಅಕ್ಕನಿಗೂ ತಿಳಿಸದೆ. ಇದರಲ್ಲಿ ಮೂರ್ಖತನವಿದೆ ಎಂದು ನಾನು ಒಪ್ಪಲಾರೆ. ಗುಳಿಗೆ ನುಂಗುವವನು ರೋಗಿ; ಕಷಾಯ ಕುಡಿಯುವವನು ಸಂಸಾರಸ್ಥ. ದಿನಕ್ಕೆ ಐದು ಸಲ ‘ನಾನು ರೋಗಿ’ ಎಂದು ಒಪ್ಪಿಕೊಳ್ಳುವುದು ಯಾರಿಗೆ ಇಷ್ಟ? ಮೂರು ತಿಂಗಳ ಮೇಲೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದಾಗ ನಾನೂ ಜೊತೆಗಿದ್ದೆ. ಕಷಾಯ ಕೆಡಿಸಿತೆಂದು ವೈದ್ಯರು ಹೇಳಲಿಲ್ಲ. ಬಿಟ್ಟ ಗುಳಿಗೆ ಕೆಡಿಸಿತು ಎಂದರು. ಮೂತ್ರಪಿಂಡಗಳು ವರ್ಷಗಳಿಂದಲೇ ಸೋಲುತ್ತಿದ್ದವಂತೆ. ಸೋತ ಮೂತ್ರಪಿಂಡ ಪೊಟ್ಯಾಸಿಯಂ ಹೊರಹಾಕಲಾರದು, ಆದ್ದರಿಂದ ಇನ್ನು ಜುಟ್ಟಿನ ನೀರೂ ಬೇಡ, ಎಳನೀರೂ ಬೇಡ ಎಂದರು. ರಕ್ತ ತೆಳುಮಾಡುವ, ಒತ್ತಡ ಇಳಿಸುವ ಗುಳಿಗೆಯವರೂ, ಬಸುರಿಯರೂ ಕೇಳದೆ ಇದಕ್ಕೆ ಕೈಹಾಕಬಾರದೆಂಬುದನ್ನೂ ಆ ದಿನವೇ ತಿಳಿದೆ.

ಈಗ ಭಾವನವರಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್. ಮಿಕ್ಕ ದಿನ ಒಂದು ಲೀಟರು ನೀರು, ಅಷ್ಟೇ. ಅಕ್ಕ ಬೆಳಗಾದರೆ ಬಾಟಲಿ ತುಂಬಿಡುತ್ತಾಳೆ. ಕಾಫಿ, ಮಜ್ಜಿಗೆ ಎಲ್ಲಕ್ಕೂ ಅದರಲ್ಲೇ ಲೆಕ್ಕ. ಹೋದ ತಿಂಗಳು ಅವರನ್ನು ನೋಡಲು ಬಂದ ಅತ್ತೆ, ಅಭ್ಯಾಸಬಲದಿಂದ ಒಂದು ಪೊಟ್ಟಣ ಒಣ ಜುಟ್ಟು ತಂದಿದ್ದರು. ಭಾವನವರು ಬಿಚ್ಚಿ ಮೂಸಿ, “ಘಮ ಚೆನ್ನಾಗಿದೆ ಅತ್ತೆಯವರೇ” ಎಂದು ಹಾಗೆಯೇ ಮಡಿಚಿ ಅವರ ಕೈಗಿತ್ತು, ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಅಕ್ಕನನ್ನು ಕೇಳಿದರು.