ಉತಾರದಲ್ಲಿ ನಮ್ಮ ಹೆಸರು

ಧಾರವಾಡ, 10 ಮಾರ್ಚ್ 2025

ಮನೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಪಿಂಚಣಿಯ ಪಿಪಿಒ, ಡಿಸ್ಚಾರ್ಜ್ ಬುಕ್ಕು, ಆಧಾರ್, ಪ್ಯಾನ್ ಎಲ್ಲವನ್ನೂ ನೋಡಿ ಮ್ಯಾನೇಜರ್ ಸಾಹೇಬರು, "ಕಾಗದ ಎಲ್ಲಾ ಬರೋಬ್ಬರಿ ಅದಾವ್ರಿ" ಅಂದರು. ಆಮೇಲೆ ನನ್ನ ಸಿಬಿಲ್ ತೆಗೆದರು. ಅಂಕ ಇರಬೇಕಾದ ಕಡೆ ಮೈನಸ್ ಒಂದು. ಜನ್ಮದಲ್ಲಿ ಸಾಲವನ್ನೇ ಮಾಡದವನಿಗೆ ಅಲ್ಲಿ ಹಾಗೆ ತೋರಿಸುತ್ತದಂತೆ. ಹದಿನೆಂಟಕ್ಕೆ ಪಲ್ಟನ್ ಸೇರಿದವನು ನಾನು. ಮೆಸ್ಸಿನ ಊಟ, ಕ್ಯಾಂಟೀನಿನ ಸಾಮಾನು, ಸರ್ಕಾರಿ ಕ್ವಾರ್ಟರ್ಸು. ಸಾಲದ ಪ್ರಸಂಗವೇ ಬರಲಿಲ್ಲ.

"ಎಫ್‌ಡಿ ಮ್ಯಾಲೆ ಒಂದು ಕ್ರೆಡಿಟ್ ಕಾರ್ಡ್ ತಗೊಳ್ರಿ. ಕಿರಾಣಿ ಅಷ್ಟ ಅದರಾಗ ಮಾಡ್ರಿ, ತಾರೀಖು ತಪ್ಪದಂಗ ತುಂಬ್ರಿ. ಆರು ತಿಂಗಳಿಗೆ ಅಂಕ ಹುಟ್ಟತೈತಿ" ಅಂದರು. ಹಾಗೇ ಮಾಡುವುದು.

20 ಏಪ್ರಿಲ್

ರಾತ್ರಿ ಹೆಂಡತಿಯ ಜೊತೆ ಕೂತು ಲೆಕ್ಕ ಹಾಕಿದೆ. ನನ್ನ ಮೂಲ ಪಿಂಚಣಿ 22,000. ಅರ್ಧವನ್ನು ಕಮ್ಯೂಟ್ ಮಾಡಿ ಗಂಟು ತಂದಿದ್ದೇನೆ. ಕಡಿತ ಹದಿನೈದು ವರ್ಷ ನಡೆಯುತ್ತದೆ. ತುಟ್ಟಿಭತ್ಯೆ ಮಾತ್ರ ಪೂರ್ತಿ 22,000ದ ಮೇಲೆಯೇ ಸಿಗುತ್ತದೆ. ಶೇ. 55ರಂತೆ 12,100. ಕೈಗೆ 23,100. ಬ್ಯಾಂಕಿನವರು ಇದರಲ್ಲಿ ಅರ್ಧದಷ್ಟು ಕಂತಿಗೆ ಸಾಕು ಅನ್ನುತ್ತಾರೆ. ಶೇ. 8ರ ಬಡ್ಡಿಗೆ, ಇಪ್ಪತ್ತು ವರ್ಷಕ್ಕೆ, ಲಕ್ಷಕ್ಕೆ ತಿಂಗಳ ಕಂತು ಸುಮಾರು 836 ರೂಪಾಯಿ. ಹದಿನಾಲ್ಕು ಲಕ್ಷವೂ ಹುಟ್ಟುವುದಿಲ್ಲ.

ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಹೊಸ ಕೆಲಸದ ಸಂಬಳ ಸೇರಿಸಿ ಅಂದರೆ ಆರು ತಿಂಗಳ ಪಗಾರ ಚೀಟಿ ಕೇಳುತ್ತಾರೆ. ಕಂಪನಿ ಇವತ್ತು ಇರುತ್ತದೆ, ನಾಳೆ ಬಾಗಿಲು ಹಾಕಬಹುದು. ಪಿಂಚಣಿ ಹಾಗಲ್ಲ, ನಾನು ಇರುವ ತನಕ ನನಗೆ, ನನ್ನ ನಂತರ ಕುಟುಂಬ ಪಿಂಚಣಿಯಾಗಿ ಇವಳಿಗೆ. ಇಷ್ಟು ಗಟ್ಟಿಯಾದ ಆದಾಯಕ್ಕೆ ಬ್ಯಾಂಕು ಇನ್ನಷ್ಟು ತೂಕ ಕೊಡಬೇಕು ಎಂದು ನನಗೆ ಮನಸಾರೆ ಅನಿಸುತ್ತದೆ.

6 ಜುಲೈ

ನೋಡಿ ಬಂದ ಮನೆ ಚಂದ ಇತ್ತು. ಹಿತ್ತಲಲ್ಲಿ ಕರಿಬೇವು, ಅವ್ವನಿಗೆ ಬಿಸಿಲು ಕಾಯಲು ಪಡಸಾಲೆ. ಬ್ಯಾಂಕಿನ ವಕೀಲರು ಜಾಗದ ದಾಖಲೆ, ಅಂದರೆ ಉತಾರ, ನೋಡಿದವರೇ ಬದಿಗಿಟ್ಟರು. ಜಾಗ ಎನ್‌ಎ (ಕೃಷಿಯೇತರ) ಆಗಿಲ್ಲ, ಹೊಲದ ಸರ್ವೆ ನಂಬರಿನಲ್ಲೇ ಗುಂಟೆ ಲೆಕ್ಕದಲ್ಲಿ ಮಾರಿದ್ದಾರೆ. ಇಂಥದ್ದಕ್ಕೆ ಸಾಲ ಇಲ್ಲ. ಮಾರುವವರು "ಆಮ್ಯಾಲೆ ಸರಿ ಆಗತೈತ್ರಿ, ರೊಕ್ಕ ಕೊಟ್ಟು ಬಿಡ್ರಿ" ಅಂದರು. ಗಂಟು ಕೈಯಲ್ಲಿರುವ ಫೌಜಿಯ ಹಿಂದೆ ಇಂಥ ಮಾತುಗಳು ಬಹಳ ಸುತ್ತುತ್ತವೆ. ಅವ್ವ ಎರಡು ದಿನ ಮಂಕಾಗಿದ್ದಳು.

18 ಅಕ್ಟೋಬರ್

ಸಾಲ ಮಂಜೂರಾಯಿತು!

ಅಂಕ ಬಂತು, ಪಗಾರ ಚೀಟಿಗಳೂ ಆದವು. ಇವಳು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅವಳ 18,000 ಸೇರಿ ಜಂಟಿ ಅರ್ಜಿ. ಆಮೇಲೆ ನೋಡಿದ ಬೇರೆ ಮನೆಗೆ 30 ಲಕ್ಷ, ಸಾಲ 24 ಲಕ್ಷ, ಕಂತು ಇಪ್ಪತ್ತು ಸಾವಿರದ ಆಸುಪಾಸು. ಮೂವತ್ತು ಲಕ್ಷದೊಳಗಿನ ಸಾಲವಾದರೆ ಮನೆಯ ಬೆಲೆಯ ಶೇ. 90ರ ತನಕ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ನಮಗೆ ಇಷ್ಟೇ ಸಾಕು. ನೋಂದಣಿ ಖರ್ಚು ಮಾತ್ರ ಕೈಯಿಂದಲೇ. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿದೆ. ಅಲ್ಲೇ 60,000, ಮುದ್ರಾಂಕ ಬೇರೆ.

ಸಾಲದ ಜೊತೆ ಒಂದೇ ಕಂತಿನ ವಿಮೆ ಮಾಡಿಸಲೇಬೇಕು ಅಂದ ಒಬ್ಬ ಏಜೆಂಟ್. ಕಡ್ಡಾಯ ಎಂದು ಬರೆದುಕೊಡಿ ಅಂದೆ, ಮತ್ತೆ ಬರಲಿಲ್ಲ. ಟರ್ಮ್ ಪಾಲಿಸಿ ಬೇರೆ ಮಾಡಿಸಿದ್ದೇನೆ. ಕಂತಿನ ಭಾರ ಇವಳೊಬ್ಬಳ ಮೇಲೆ ಬೀಳಬಾರದು. ಖರೀದಿ ಪತ್ರದಲ್ಲಿ ಇವಳ ಹೆಸರು ಮೊದಲು.

7 ಡಿಸೆಂಬರ್

ಕಾಕಾನ ಮಗನ ಫೋನು, ಜಮ್ಮುವಿನಿಂದ. ಅವನು ಅಗ್ನಿವೀರ, ಮೊದಲ ಬ್ಯಾಚು. "ಅಣ್ಣಾ, ನನಗೂ ಮನಿ ಸಾಲ ಸಿಗತೈತೇನು?"

ಅವನಿಗೆ ಪಿಂಚಣಿ ಇಲ್ಲ. ನಾಲ್ಕು ವರ್ಷ ಮುಗಿದಾಗ ಸೇವಾನಿಧಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಕಾಯಂ ಆಗುವವರು ನೂರಕ್ಕೆ 25ರ ತನಕ ಮಾತ್ರ. ನಮ್ಮ ಕಾಲದ ಆಧಾರ ಈ ಹುಡುಗರಿಗಿಲ್ಲ ಎನ್ನುವುದು ಎದೆಗೆ ಚುಚ್ಚುತ್ತದೆ.

ಹೇಳಿದೆ: ತಮ್ಮಾ, ಇವತ್ತೇ ಎಫ್‌ಡಿ ಮೇಲೆ ಕಾರ್ಡು ಮಾಡಿಸು, ಅಂಕ ಹುಟ್ಟಲಿ. ಸೇವಾನಿಧಿ ಬಂದ ಮೇಲೆ ಗಾಡಿಗಂತ, ಯಾರದೋ ಮದುವೆಗಂತ ಒಡೆಯಬೇಡ. ಅದು ನಿನ್ನ ಮನೆಯ ಮುಂಗಡ. ಮೊದಲು ಕೆಲಸ ಹಿಡಿ, ಪಗಾರ ಬ್ಯಾಂಕಿಗೆ ಬರುವ ಕೆಲಸ. ಉತಾರ ನೋಡದೆ ಯಾರ ಕೈಗೂ ಒಂದು ರೂಪಾಯಿ ಕೊಡಬೇಡ. ಕಾಗದ ಓದಲು ನಾನು ಬರುತ್ತೇನೆ.