ಹಳೆಯ ಕಾರಿಗೆ ಹೊಸ ಎಣ್ಣೆ

ನಮ್ಮ ಮಾರುತಿ 800 ಚಳಿಗಾಲದ ಬೆಳಗುಗಳಲ್ಲಿ ಎರಡನೆಯ ಗೇರಿಗೆ ಬೀಳಲು ಹಟ ಹಿಡಿಯತೊಡಗಿ ಎರಡು ವರ್ಷವಾಗಿತ್ತು. ಕುಂಸಿ ಬಿಡುವಾಗ ಕರ್ರೆಂದು ಹಲ್ಲು ಕಡಿಯುವುದು, ಆಯನೂರು ದಾಟುವಷ್ಟರಲ್ಲಿ ಬಿಸಿಯೇರಿ ತಾನೇ ಸರಿಹೋಗುವುದು. ಸರಿಹೋದದ್ದನ್ನು ಮರೆಯುವುದು ಮನುಷ್ಯಸ್ವಭಾವವಷ್ಟೆ; ನಾನೂ ಮರೆಯುತ್ತಿದ್ದೆ. ಆದರೆ ನನ್ನ ಮನೆಯಾಕೆಗೆ ವಾರದಲ್ಲಿ ಮೂರು ದಿನ ಶಿವಮೊಗ್ಗದಲ್ಲಿ ಡಯಾಲಿಸಿಸ್ ಆಗಬೇಕೆಂದು ವೈದ್ಯರು ಹೇಳಿದ ಮೇಲೆ ಆ ಸದ್ದನ್ನು ಮರೆಯುವಂತಿರಲಿಲ್ಲ. ನಸುಕಿನಲ್ಲಿ ಹೊರಡಬೇಕು, ನಡುದಾರಿಯಲ್ಲಿ ಗೇರ್ ಬಾಕ್ಸ್ ಕೈಕೊಟ್ಟರೆ ಆಕೆಯನ್ನು ಸಾಗರ ರಸ್ತೆಯ ಬದಿಯಲ್ಲಿ ಕೂರಿಸಿ ಯಾರ ದಾರಿ ಕಾಯಲಿ?

ಬೆಂಗಳೂರಿನಲ್ಲಿರುವ ಮಗ, "ಅಪ್ಪ, ಅದನ್ನು ಗುಜರಿಗೆ ಹಾಕಿ, ಹೊಸದು ತೆಗೆದುಕೊಳ್ಳೋಣ" ಎಂದ. ಅವನ ಮಾತು ತಪ್ಪಲ್ಲ. ಆದರೆ ಆ ಹಣ ಮುಂದೆ ಚಿಕಿತ್ಸೆಗೇ ಬೇಕಾದೀತೆಂಬುದು ನನ್ನ ಲೆಕ್ಕ. 1998ರ ಗಾಡಿ, 2004ರಲ್ಲಿ ನನ್ನ ಕೈಗೆ ಬಂದದ್ದು, ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಬಂದಿದ್ದೇನೆ. ಓಡಿದ್ದು 1,84,000 ಕಿಲೋಮೀಟರ್. ಎಂಜಿನ್ ಆಯಿಲನ್ನು ಪಂಚಾಂಗ ನೋಡಿದಷ್ಟು ನಿಷ್ಠೆಯಿಂದ ಬದಲಿಸಿದ್ದೇನೆ. ಗೇರ್ ಆಯಿಲನ್ನು? ಒಮ್ಮೆಯೂ ಇಲ್ಲ. ವಿಜ್ಞಾನದ ಮೇಷ್ಟರಾಗಿ ಇದನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ.

ನಮ್ಮೂರಿನ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿಯೇ. ಹೆಸರು ಬರೆದರೆ ನಾಚಿಕೊಳ್ಳುತ್ತಾನೆ. ಅವನು ಕೈಮುಗಿದು, "ಸಾರ್, ಇಷ್ಟು ಓಡಿದ ಮೇಲೆ ಆ ಎಣ್ಣೆ ಮುಟ್ಟೋದು ಬೇಡ. ಹಳೇ ಎಣ್ಣೇಲೇ ಅದು ನಿಂತಿರೋದು. ತೆಗೆದರೆ ತಿಂಗಳಲ್ಲಿ ಮಲಗುತ್ತೆ" ಎಂದ. ಹಿಂದೊಮ್ಮೆ ಯಾರದೋ ವ್ಯಾನಿಗೆ ಎಣ್ಣೆ ಬದಲಿಸಿ, ಇಪ್ಪತ್ತೇ ದಿನದಲ್ಲಿ ಗೇರ್ ಬಾಕ್ಸ್ ಒಡೆದು, ಯಜಮಾನರಿಂದ ಬೈಸಿಕೊಂಡಿದ್ದನಂತೆ. ಅನುಭವದ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಒಪ್ಪಲೂ ಮನಸ್ಸು ಬರಲಿಲ್ಲ. ನಾಲ್ಕು ದಿನ ಓದಿದೆ, ಕೇಳಿದೆ.

ಈ ನಂಬಿಕೆಗೆ ಒಂದು ಮೂಲವಿದೆ, ಆದರೆ ಅದು ಆಟೋಮ್ಯಾಟಿಕ್ ಗೇರ್ ಬಾಕ್ಸಿನದು. ಅಲ್ಲಿ ಎಣ್ಣೆ ಬರಿಯ ಜಾರಿಕೆಗಲ್ಲ. ಅದರ ಒತ್ತಡದಿಂದಲೇ ಒಳಗಿನ ಕ್ಲಚ್ ಬಿಲ್ಲೆಗಳು ಒಂದನ್ನೊಂದು ಹಿಡಿಯುತ್ತವೆ. ಲಕ್ಷಾಂತರ ಕಿಲೋಮೀಟರ್ ಎಣ್ಣೆ ಬದಲಿಸದೆ ಓಡಿಸಿದರೆ ಬಿಲ್ಲೆಗಳು ಸವೆದು, ಆ ಪುಡಿ ಎಣ್ಣೆಯಲ್ಲಿ ತೇಲುತ್ತಿರುತ್ತದೆ. ಆ ಪುಡಿಯ ಒರಟುತನವೇ ಸವೆದ ಬಿಲ್ಲೆಗಳಿಗೆ ಹಿಡಿತ ಕೊಡುತ್ತಿರುತ್ತದೆ, ಅದನ್ನು ತೊಳೆದು ತೆಗೆದರೆ ಜಾರುತ್ತವೆ ಎಂಬುದು ವಾದ. ಯಂತ್ರದಿಂದ ಒತ್ತಿ ತೊಳೆಯುವಾಗ ತಳದ ಕೆಸರು ಎದ್ದು ಕವಾಟಗಳ ಸಣ್ಣ ರಂಧ್ರಗಳನ್ನು ಮುಚ್ಚುವ ಭಯವೂ ಉಂಟು. ಅಂಥ ಕಾರಿನಲ್ಲಿ ಬಲ್ಲವರು ಸೋರಿದಷ್ಟನ್ನು ಮಾತ್ರ ಸೋರಿಸಿ ಅಷ್ಟನ್ನೇ ತುಂಬುತ್ತಾರೆ, ಕೆಲವು ಸಾವಿರ ಕಿಲೋಮೀಟರಿನ ನಂತರ ಮತ್ತೊಮ್ಮೆ. ಎಣ್ಣೆ ಸುಟ್ಟ ವಾಸನೆ ಬಂದು ಗಾಡಿ ಆಗಲೇ ಜಾರುತ್ತಿದ್ದರೆ ಯಾವ ಎಣ್ಣೆಯೂ ಉಳಿಸದು. 'ಆಜೀವ ಎಣ್ಣೆ' ಎಂದು ಕೆಲವು ಕಾರು ಕಂಪನಿಗಳು ಹೇಳುವುದುಂಟು. ಆದರೆ ಆಟೋಮ್ಯಾಟಿಕ್ ಗೇರ್ ಬಾಕ್ಸುಗಳನ್ನೇ ತಯಾರಿಸುವ ಜರ್ಮನಿಯ ಝಡ್.ಎಫ್. ಸಂಸ್ಥೆ ತನ್ನವಕ್ಕೆ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರಿನೊಳಗೆ ಎಣ್ಣೆ ಬದಲಿಸಲು ಹೇಳುತ್ತದೆ. ಯಾರ ಆಜೀವವೋ!

ನಮ್ಮ ಮಾರುತಿಯದು ಕೈಯಿಂದ ಹಾಕುವ ಗೇರು. ಅದರ ಕ್ಲಚ್ ಎಣ್ಣೆಯ ಹೊರಗೆ, ಒಣಗಿದ ಕಡೆ ಇದೆ. ಎಣ್ಣೆಯಲ್ಲಿ ತೇಲುವುದು ಹಲ್ಲುಗಳ ಉಕ್ಕಿನ ಪುಡಿ, ಸಿಂಕ್ರೊನೈಸರ್ ಬಳೆಗಳ ಹಿತ್ತಾಳೆಯ ಪುಡಿ. ಅದು ಯಾರಿಗೂ ಆಸರೆಯಲ್ಲ, ಮರಳು ಕಾಗದ. ಹಾಗಾದರೆ ಆ ವ್ಯಾನು? ಸದ್ದು ವಿಪರೀತವಾದ ಮೇಲೆಯೇ ಜನ ಎಣ್ಣೆ ಬದಲಿಸಲು ಬರುವುದು. ಸಾಯುವ ಹೊತ್ತಿಗೆ ಔಷಧಿ ಕೊಟ್ಟವನ ಮೇಲೆ ಅಪವಾದ.

ನಮ್ಮ ತೀರ್ಥರೂಪರು ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದುದು ಆಗ ನೆನಪಾಯಿತು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕಿರುತ್ತಿದ್ದರು. ಹೊಸತನ್ನು ಬಳಿಯುವ ಮುನ್ನ ಅಚ್ಚಿನ ಮೇಲಿನ ಹಳೆಯ ಮಡ್ಡಿಯನ್ನು ಚಿಂದಿಯಿಂದ ತಿಕ್ಕಿ ತೆಗೆಯುತ್ತಿದ್ದರು. ನಾನು ಹುಡುಗುಬುದ್ಧಿಯಿಂದ ಒಮ್ಮೆ ಹಾಗೆಯೇ ಬಳಿದು ಬೆನ್ನಿಗೆ ಏಟು ತಿಂದಿದ್ದೆ.

ಶಿಷ್ಯನಿಗೆ ಇದನ್ನೆಲ್ಲ ವಿವರಿಸಿದೆ. "ಕೆಟ್ಟರೆ ನಿನ್ನನ್ನು ಅನ್ನುವುದಿಲ್ಲ" ಎಂದು ಮಾತು ಕೊಟ್ಟ ಮೇಲೆ ಒಪ್ಪಿದ. ನಾನು ಹಟ ಮಾಡಿದ್ದು ಮೂರೇ ವಿಷಯಕ್ಕೆ. ತುಂಬುವ ಬಿರಡೆಯನ್ನು ಮೊದಲು ಬಿಚ್ಚಬೇಕು. ಸೋರಿಸಿಬಿಟ್ಟ ಮೇಲೆ ಅದು ತುಕ್ಕು ಹಿಡಿದು ಬಾರದಿದ್ದರೆ ಗಾಡಿ ಅಲ್ಲಿಯೇ ಉಳಿಯುತ್ತದೆ. ಎಣ್ಣೆ ಬೆಚ್ಚಗಿರುವಾಗಲೇ ಸೋರಿಸಬೇಕು. ಎಣ್ಣೆ ಜಿ.ಎಲ್.-4 ದರ್ಜೆಯ 80ಡಬ್ಲ್ಯೂ-90 ಆಗಿರಬೇಕು, ಜಿ.ಎಲ್.-5ರಲ್ಲಿ ಹೆಚ್ಚು ಇರುವ ಗಂಧಕದ ಸಂಯುಕ್ತಗಳು ಹಿತ್ತಾಳೆಯ ಬಳೆಗಳನ್ನು ತಿನ್ನಬಲ್ಲವು. ಅಂಗಡಿಯವರು "ಐದು ನಾಲ್ಕಕ್ಕಿಂತ ದೊಡ್ಡದಲ್ವಾ ಸಾರ್" ಎಂದರು. ಲೆಕ್ಕ ಸರಿ!

ಬಂದದ್ದು ಎಣ್ಣೆಯಲ್ಲ, ಕಪ್ಪು ಕಾಕಂಬಿ. ಬಿಸಿಲಿಗೆ ಹಿಡಿದರೆ ಹಿತ್ತಾಳೆಯ ಮಿನುಗು. ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ ನೀರು ಹೊಕ್ಕಿದೆಯೆಂದು ಅರ್ಥ. ನಮ್ಮ ಮಲೆನಾಡಿನ ಮಳೆಯಲ್ಲಿ ಹಳ್ಳ ದಾಟಿದ ಗಾಡಿಗಳಲ್ಲಿ ಅದನ್ನು ನೋಡಲೇಬೇಕು. ಪುಣ್ಯಕ್ಕೆ ಹಾಗಿರಲಿಲ್ಲ, ಮುರಿದ ಹಲ್ಲಿನ ಚೂರೂ ಇರಲಿಲ್ಲ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ತುಂಬುವ ರಂಧ್ರದಿಂದ ತುಳುಕುವವರೆಗೆ ಹೊಸ ಎಣ್ಣೆ ಹಾಕಿ ಬಿರಡೆ ಬಿಗಿದ.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಸವೆದ ಲೋಹವನ್ನು ಎಣ್ಣೆ ಮರಳಿ ಕೊಡಲಾರದು. ಮೂರನೆಯ ಗೇರಿನ ಗುಂಯ್ ಸದ್ದು ಈಗಲೂ ಇದೆ. ಆದರೆ ಮರುದಿನ ನಸುಕಿನಲ್ಲಿ ಎರಡನೆಯ ಗೇರು ಸದ್ದಿಲ್ಲದೆ ಬಿತ್ತು. ಪಕ್ಕದಲ್ಲಿ ಶಾಲು ಹೊದ್ದು ಕಣ್ಣು ಮುಚ್ಚಿದ್ದ ಮನೆಯಾಕೆ, "ಗೇರು ಹಾಕೋದು ಮರೆತ್ರಾ?" ಎಂದು ಕೇಳಿದಳು. ಅದಾಗಿ ಎಂಟು ತಿಂಗಳಾಯಿತು. ಒಂದು ಸರದಿಯೂ ತಪ್ಪಿಲ್ಲ. ಮೊನ್ನೆ ಶಿಷ್ಯ ತನ್ನ ಅಂಗಡಿಗೆ ಬಂದ ಒಂದು ಹಳೆಯ ಓಮ್ನಿಗೂ ಎಣ್ಣೆ ಬದಲಿಸಿದನಂತೆ, ಯಜಮಾನರಿಂದ ಮೊದಲು ಮಾತು ತೆಗೆದುಕೊಂಡು.