ಅರಮನೆಯಲ್ಲೊಂದು ರಾತ್ರಿ

ಭೀಮನಬೀಡಿನವರಾದ ನಮಗೆ ಮೈಸೂರು ಹೊಸ ಊರೇನಲ್ಲ. ಆಸ್ಪತ್ರೆಗೆ, ಮದುವೆಯ ಜವಳಿಗೆ, ಕೋರ್ಟಿಗೆ ಎಂದು ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಹೋಗುತ್ತಲೇ ಇರುತ್ತೇವೆ. ರಾತ್ರಿಯಾದರೆ ಮಂಡಿ ಮೊಹಲ್ಲಾದ ನೆಂಟರ ಮನೆಯ ಚಾಪೆಯೇ ಗತಿ. ದುಡ್ಡು ಕೊಟ್ಟು ನಿದ್ದೆ ಕೊಳ್ಳುವುದೆಂದರೆ ಅಮ್ಮೀಯ ಲೆಕ್ಕದಲ್ಲಿ ಅದೊಂದು ಗುನಾಹ್. ಹೀಗಿರುವಾಗ ಕೆಲವು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ತಂಗಿ ತನ್ನ ಮೊದಲ ಸಂಬಳದಲ್ಲಿ ನಮಗೊಂದು ಕೋಣೆ ಕಾದಿರಿಸಿ, ‘ಒಂದು ರಾತ್ರಿ ಅರಮನೆಯಲ್ಲಿ ಮಲಗಿ ಬನ್ನಿ’ ಎಂದಳು.

ಅದು ಜಯಲಕ್ಷ್ಮೀಪುರಂನ ಗ್ರೀನ್ ಹೋಟೆಲ್. ಮೂಲದಲ್ಲಿ ಚಿತ್ತರಂಜನ್ ಪ್ಯಾಲೇಸ್. ಮೈಸೂರಿನ ರಾಜಕುಮಾರಿಯರಿಗಾಗಿ ಕಟ್ಟಿಸಿದ್ದು. ಲಾಭವೆಲ್ಲ ಸಮಾಜ ಮತ್ತು ಪರಿಸರದ ಕೆಲಸಗಳಿಗೆ ಹೋಗಲಿ ಎಂಬ ಉದ್ದೇಶದಿಂದ ಹಿಲರಿ ಬ್ಲೂಮ್ ಎಂಬ ಬ್ರಿಟಿಷ್ ಮಹಿಳೆ ಅದನ್ನು ಹೋಟೆಲಾಗಿಸಿದರು. ಕೋಣೆಯಲ್ಲಿ ಟೀವಿ ಇರಲಿಲ್ಲ, ಎ.ಸಿ. ಇರಲಿಲ್ಲ. ಮರದ ಮಂಚ, ಎತ್ತರದ ಚಾವಣಿ, ಹೊರಗೆ ತೋಟ. ಇಷ್ಟಕ್ಕೆ ಇಷ್ಟು ಬಾಡಿಗೆಯೇ ಎಂದು ಹಳ್ಳಿಯ ಮನಸ್ಸು ಒಮ್ಮೆ ಗೊಣಗಿತು; ಆಮೇಲೆ ಸುಮ್ಮನಾಯಿತು.

ರಾತ್ರಿ ಊಟ ಮುಗಿಸಿ ತೋಟದಲ್ಲಿ ಕುಳಿತಾಗ ನೆನಪಾಯಿತು. ರಾಜಕುಮಾರಿಯರಿಗೂ ಹೋಟೆಲಿಗೂ ನಡುವಿನ ಕಾಲದಲ್ಲಿ ಇದು ಪ್ರೀಮಿಯರ್ ಸ್ಟುಡಿಯೊಗೆ ಸೇರಿದ್ದ ಜಾಗ. 1989ರ ಫೆಬ್ರುವರಿ 8ರಂದು ಆ ಸ್ಟುಡಿಯೊದಲ್ಲಿ ಸಂಜಯ್ ಖಾನ್ ಅವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿತ್ತು. ಗೋಡೆಗಳಿಗೆ ಗೋಣಿಚೀಲ, ಉರಿಯುವ ದೊಡ್ಡ ದೀಪಗಳು, ಸಡಿಲ ವೈರಿಂಗು, ಗಾಳಿಯಾಡಲು ಕಿಂಡಿಯಿಲ್ಲ. ಬೆಂಕಿ ಆರಿಸಲು ಮರಳು ಮತ್ತು ನೀರಿನ ಬಕೆಟ್ಟುಗಳು. 62 ಮಂದಿ ಸತ್ತರು. ತೀವ್ರವಾಗಿ ಸುಟ್ಟುಹೋದ ಸಂಜಯ್ ಖಾನ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು.

1990ರಲ್ಲಿ ಧಾರಾವಾಹಿ ದೂರದರ್ಶನದಲ್ಲಿ ಬಂತು. ಆಗ ನಾವು ಉರ್ದು ಶಾಲೆಯ ಮಕ್ಕಳು. ಟೀವಿ ಇದ್ದ ಮನೆಯ ಪಡಸಾಲೆಯಲ್ಲಿ ಲಿಂಗಾಯತರು, ನಾಯಕರು, ನಾವು, ಎಲ್ಲರೂ ಒತ್ತಿಕೊಂಡು ಕೂರುತ್ತಿದ್ದೆವು. ಇದು ಇತಿಹಾಸವಲ್ಲ ಎಂಬ ಸೂಚನೆ ಮೊದಲು ಬರುತ್ತಿತ್ತು. ಯಾರೂ ಅದನ್ನು ಓದುತ್ತಿರಲಿಲ್ಲ. ಕುದುರೆ ಓಡಿದರೆ ಚಪ್ಪಾಳೆ. ಆ ಚಿತ್ರ ತೆಗೆಯಲು ಹೋಗಿ ಜನ ಬೆಂದಿದ್ದಾರೆಂದು ನಮಗೆ ಯಾರೂ ಹೇಳಲಿಲ್ಲ.

ಟಿಪ್ಪುವಿನ ಹೆಸರಲ್ಲಿ ಆಮೇಲೆ ಎಷ್ಟೊಂದು ಆಯಿತು! ಸರಕಾರ 2015ರಲ್ಲಿ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರಕಾರ ನಿಲ್ಲಿಸಿತು. ವೀರನೆಂದವರೂ ಕ್ರೂರಿಯೆಂದವರೂ ಗಂಟಲು ಹರಿದುಕೊಂಡರು; ನಾವೂ ಲೇಖನ ಬರೆದೆವು. ಆದರೆ ಅವನ ಕಥೆಗಾಗಿ ದುಡಿಯುತ್ತಲೇ ಸತ್ತ ಆ 62 ಮಂದಿ ಯಾವ ಪಕ್ಷದ ಲೆಕ್ಕಕ್ಕೂ ಬರಲಿಲ್ಲ. ನಮ್ಮ ಲೇಖನದಲ್ಲೂ ಇರಲಿಲ್ಲ.

ಹಾಸಿಗೆ ಮೆತ್ತಗಿತ್ತು, ನಿದ್ದೆ ಮಾತ್ರ ಹತ್ತಲಿಲ್ಲ. ಫಜ್ರ್ ಆದ ಮೇಲೆ ಅವರಿಗಾಗಿ ದುಆ ಮಾಡಿದೆವು. ಹೆಸರು ಗೊತ್ತಿಲ್ಲ, ಧರ್ಮವೂ ಗೊತ್ತಿಲ್ಲ.

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗುವಾಗ ವಯಸ್ಸಾದ ಆಟೋದವರನ್ನು ಆ ಬೆಂಕಿಯ ಬಗ್ಗೆ ಕೇಳಿದೆವು. ‘ಊರೆಲ್ಲ ಹೊಗೆ ಸಾರ್’ ಎಂದರು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯಲ್ಲಿ ನಮ್ಮ ಟೋಪಿ ನೋಡಿ, ‘ನಿಮ್ಮೋರು ಯಾರಾದ್ರೂ ಇದ್ರಾ ಅದ್ರಲ್ಲಿ?’ ಎಂದು ಮೆಲ್ಲಗೆ ಕೇಳಿದರು.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇದ್ದರು ಎಂದೆವು.

ಊರು ಸೇರಿದಾಗ ತಂಗಿಯ ಫೋನು, ಅರಮನೆ ಹೇಗಿತ್ತು ಎಂದು. ತೋಟ ಚೆನ್ನಾಗಿತ್ತು ಎಂದು ಹೇಳಿದೆವು.